ಡಬ್ಬಿಯ ಮೇಲಿನ ಐನೂರೈವತ್ತು

ಎಸ್‌ಎಸ್‌ಡಿ ಎಂಬ ಕಂಪ್ಯೂಟರ್ ಡಿಸ್ಕು ಬರುವ ಡಬ್ಬಿಯ ಮೇಲೆ ಐನೂರೈವತ್ತು ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಸೆಕೆಂಡಿಗೆ ಐನೂರೈವತ್ತು ಎಂಬಿ ಓದುತ್ತದೆ ಎಂದು ಅದರ ಅರ್ಥ. ಕೆಲಸದ ಕೊನೆಯ ವರ್ಷಗಳಲ್ಲಿ ನಾನು ಆ ಅಂಕಿಯನ್ನು ತೋರಿಸಿ ಎಷ್ಟೋ ಗಿರಾಕಿಗಳಿಗೆ ಆಸೆ ಹುಟ್ಟಿಸಿದ್ದೇನೆ. ಅಷ್ಟು ವೇಗ ಬಾರದಿದ್ದಾಗ ಸಿಕ್ಕಿದವರ ಮೇಲೆಲ್ಲ ರೇಗಿದ್ದೇನೆ. ಕೊನೆಗೆ ಕಣ್ಣು ಕಾಣದ ಒಬ್ಬ ಹುಡುಗಿ ನನಗೆ ಬುದ್ಧಿ ಕಲಿಸಿದಳು. ಅವಳ ಕೆಲಸವನ್ನು ನಾನು ಹೇಗೆ ಹಾಳು ಮಾಡುವುದರಲ್ಲಿದ್ದೆ ಎಂಬುದನ್ನು ಈಗ ರಿಪೇರಿ ಕೆಲಸಕ್ಕೆ ಇಳಿಯುತ್ತಿರುವವರಿಗೆ ಹೇಳೋಣ ಎಂದು ಕೂತಿದ್ದೇನೆ.

ನನ್ನ ಹೆಸರು ಸುನಂದ. ಮದ್ದೂರಿನಲ್ಲಿ ಮಹಡಿಯ ಮೇಲೆ ನನ್ನ ಅಂಗಡಿ ಇತ್ತು. ಅಲ್ಲಿ ಹೆಚ್ಚು ವರ್ಷ ಬಿಚ್ಚಿದ್ದು ಕಂಪ್ಯೂಟರು, ಲ್ಯಾಪ್‌ಟಾಪು. ಆದರೂ ಊರಿನವರ ಬಾಯಲ್ಲಿ ನಾನು ಕೊನೆಯವರೆಗೂ ಟಿವಿ ಸುನಂದಮ್ಮ. ಮೊದಲು ಟಿವಿ ರಿಪೇರಿ ಕಲಿತವಳಾದ್ದರಿಂದ ಆ ಹೆಸರು ಅಂಟಿಕೊಂಡಿತು. ಹೋದ ವರ್ಷ ಎಳ್ಳಿನಷ್ಟು ಸಣ್ಣ ಸ್ಕ್ರೂ ಹಿಡಿಯುವಾಗ ಬೆರಳು ನಡುಗಲು ಶುರುವಾಯಿತು. ಒಂದು ಸ್ಕ್ರೂ ಹುಡುಕಲು ಅರ್ಧ ಗಂಟೆ ನೆಲದ ಮೇಲೆ ತೆವಳಿದ ಮೇಲೆ ಇನ್ನು ಸಾಕು ಅನ್ನಿಸಿತು, ಬಾಗಿಲು ಹಾಕಿದೆ.

ಡಿಪ್ಲೊಮಾ ಮುಗಿಸಿ ನಾನು ಸೇರಿದ್ದು ಚಿಕ್ಕಣ್ಣನವರ ಟಿವಿ ಅಂಗಡಿಗೆ. ಹೆಣ್ಣುಮಗಳು ರಿಪೇರಿಗೆ ಬರುತ್ತಾಳೆ ಎಂದಾಗ ಪಕ್ಕದ ಅಂಗಡಿಯವರು ನಕ್ಕಿದ್ದರು. ಚಿಕ್ಕಣ್ಣನವರು ನಗಲಿಲ್ಲ. ಮೊದಲನೇ ದಿನವೇ ಒಂದು ಹಳೇ ಟಿವಿ ಮುಂದಿಟ್ಟು, "ಬಿಚ್ಚು, ಅಂಗೇ ಜೋಡ್ಸು. ಒಂದ್ ಸ್ಕ್ರೂ ಮಿಕ್ಕುದ್ರೂ ನಾಳಿಂದ ಬರ್ಬೇಡ" ಎಂದರು. ಎರಡು ಮಿಕ್ಕಿದವು. ಬಾಯಿಗೆ ಬಂದಂತೆ ಬೈದರು, ಆದರೆ ಮಾರನೇ ದಿನ ನಾನು ಹೋದಾಗ ಏನೂ ಆಗದವರಂತೆ ಕಾಫಿ ತರಿಸಿದರು.

ಅವರು ಹೇಳಿಕೊಟ್ಟ ಕಟ್ಟಳೆಗಳಲ್ಲಿ ಎರಡು ನನ್ನ ಮೈಗೆ ಹತ್ತಿಬಿಟ್ಟವು. ಒಂದು, ಕೆಲಸ ಮಾಡುತ್ತಿರುವ ಸಾಮಾನನ್ನು ಕೀಳಬಾರದು. "ಅದು ಅವ್ರ ಮನೇದು ಕಣಮ್ಮ. ನಿಂಗೆ ಅಳೇದಾಗಿ ಕಾಣ್ಬೋದು, ಅವ್ರಿಗಲ್ಲ" ಎನ್ನುತ್ತಿದ್ದರು. ಎರಡು, ಕೀಳಲೇಬೇಕಾಗಿ ಬಂದರೆ ಆ ಸಾಮಾನನ್ನು ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ ಗಿರಾಕಿಯ ಕೈಗೆ ಕೊಡಬೇಕು. ರಿಪೇರಿಯವರು ಒಳ್ಳೆಯ ಸಾಮಾನು ಕದ್ದು ಕೆಟ್ಟದ್ದು ಹಾಕುತ್ತಾರೆ ಎಂಬ ಅನುಮಾನ ಆಗಲೂ ಇತ್ತು, ಈಗಲೂ ಇದೆ.

ಒಮ್ಮೆ ಶಿವಪುರದ ಮನೆಯೊಂದರ ಟಿವಿಯಿಂದ ತೆಗೆದ ಸುಟ್ಟ ಟ್ರಾನ್ಸ್‌ಫಾರ್ಮರನ್ನು ನಾನು ಕಸಕ್ಕೆ ಎಸೆದುಬಿಟ್ಟೆ. ಚಿಕ್ಕಣ್ಣನವರು ನನ್ನ ಕೈಯಲ್ಲೇ ಕಸದ ಬುಟ್ಟಿ ಕೆದಕಿಸಿ ಅದನ್ನು ತೆಗೆಸಿದರು. ಪೇಪರು ಸುತ್ತಿಸಿ, ದಾರ ಕಟ್ಟಿಸಿ, ಅದನ್ನು ಕೊಟ್ಟು ಬಾ ಎಂದು ಶಿವಪುರಕ್ಕೆ ಅಟ್ಟಿದರು. ಆ ಮನೆಯ ಯಜಮಾನಿ ಪೊಟ್ಟಣ ಬಿಚ್ಚಿ ನೋಡಿ, "ಇದ್ ಯಾಕವ್ವ ನಂಗೆ?" ಎಂದರು. "ನಿಮ್ದು ಕಣಮ್ಮ, ಇಟ್ಕಳಿ" ಎಂದೆ. ಅವರು ಅದನ್ನು ಕಿಟಕಿಯ ಮೇಲಿಟ್ಟರು. ಆಮೇಲೆ ಆ ಕೇರಿಯ ಟಿವಿಗಳೆಲ್ಲ ನಮ್ಮ ಅಂಗಡಿಗೇ ಬಂದವು.

ಚಿಕ್ಕಣ್ಣನವರು ಕಿವಿಯಿಂದ ರಿಪೇರಿ ಮಾಡುತ್ತಿದ್ದ ಮನುಷ್ಯ. ಟಿವಿ ತಂದಿಟ್ಟರೆ ಮೊದಲು ಅಂಗಡಿಯ ರೇಡಿಯೊ ಆರಿಸುತ್ತಿದ್ದರು, ಆಮೇಲೆ ಟಿವಿಯ ಬೆನ್ನಿಗೆ ಕಿವಿ ಕೊಟ್ಟು ಸುಮ್ಮನೆ ನಿಲ್ಲುತ್ತಿದ್ದರು. ಚಿಟಚಿಟ ಅನ್ನುತ್ತದೋ, ಸಣ್ಣಗೆ ಕೂಗುತ್ತದೋ ಎಂಬುದರ ಮೇಲೆ ಯಾವ ಭಾಗ ಹೋಗಿದೆ ಎಂದು ಹೇಳಿಬಿಡುತ್ತಿದ್ದರು. ನಾನು ಸ್ವಂತ ಅಂಗಡಿ ಇಟ್ಟು ಕಂಪ್ಯೂಟರಿಗೆ ಕೈ ಹಾಕಿದ ಮೇಲೆ ಈ ಕಿವಿಯ ಕೆಲಸ ನಿಂತುಹೋಯಿತು. ಕಂಪ್ಯೂಟರಿನ ಒಳಗೆ ಏನಾಗಿದೆ ಎಂದು ಕಂಪ್ಯೂಟರೇ ಪರದೆಯ ಮೇಲೆ ಅಂಕಿಯಲ್ಲಿ ತೋರಿಸುತ್ತದೆ. ಅಂಕಿ ಸಿಗುವಾಗ ಕಿವಿ ಯಾರಿಗೆ ಬೇಕು ಎಂದುಕೊಂಡಿದ್ದೆ.

ಎಸ್‌ಎಸ್‌ಡಿ ಬಂದಾಗಲಂತೂ ನನಗೆ ಹಬ್ಬ. ಹಳೆಯ ಹಾರ್ಡ್ ಡಿಸ್ಕಿನ ಒಳಗೆ ಬಿಲ್ಲೆ ತಿರುಗಬೇಕು, ಅದರ ಮೇಲೆ ಮುಳ್ಳು ಓಡಾಡಿ ಹುಡುಕಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವುದು, ಓಡಾಡುವುದು ಏನೂ ಇಲ್ಲ, ಬರೀ ಚಿಪ್ಪು. ಶುರುವಾಗಲು ಐದು ನಿಮಿಷ ತಿಣುಕುತ್ತಿದ್ದ ಲ್ಯಾಪ್‌ಟಾಪು ಅರ್ಧ ನಿಮಿಷದಲ್ಲಿ ಏಳುತ್ತಿತ್ತು. ಗಿರಾಕಿಯ ಮುಖ ಅರಳುವುದನ್ನು ನೋಡಿ ನನಗೇ ಏನೋ ಮಂತ್ರ ಸಿದ್ಧಿಸಿದೆ ಅನ್ನುವಷ್ಟು ಕೊಬ್ಬು ಬಂತು. ಯಾರು ಏನು ದೂರು ಹೇಳಿಕೊಂಡು ಬಂದರೂ ನನ್ನ ಬಾಯಲ್ಲಿ ಒಂದೇ ಔಷಧಿ.

ಆ ಕೊಬ್ಬಿಗೆ ಮೊದಲ ಏಟು ಕೊಟ್ಟವರು ಬೋರೇಗೌಡರು. ವೈದ್ಯನಾಥಪುರದ ಕಡೆ ಅವರದೊಂದು ಆಲೆಮನೆ. ಬೆಲ್ಲ ಕುದಿಯುವಷ್ಟು ಹೊತ್ತು ಪಕ್ಕದಲ್ಲಿ ಲ್ಯಾಪ್‌ಟಾಪಿನಲ್ಲಿ ಕಬಡ್ಡಿ ಪಂದ್ಯ ಹಾಕಿಕೊಂಡು ಕೂರುವ ಮನುಷ್ಯ. ನಿಧಾನ ಎಂದು ತಂದರು, ಎಸ್‌ಎಸ್‌ಡಿ ಹಾಕಿಕೊಟ್ಟೆ. ಅಂಗಡಿಯಲ್ಲಿ ಕುದುರೆಯಂತೆ ಓಡಿತು. ಆಲೆಮನೆಗೆ ಹೋದ ಅರ್ಧ ಗಂಟೆಗೆ ಮತ್ತೆ ಆಮೆ. ಎರಡು ಸಲ ತಂದರು, ಎರಡು ಸಲವೂ ಡಿಸ್ಕು ಪರೀಕ್ಷೆ ಮಾಡಿ, ಸರಿಯಾಗಿದೆ ಎಂದು ವಾಪಸು ಕಳಿಸಿದೆ. ಮೂರನೇ ಸಲ ನಾನೇ ಆಲೆಮನೆಗೆ ಹೋದೆ. ಅಲ್ಲಿ ಕಣ್ಣಿಗೆ ಬಿದ್ದದ್ದು ಗಾಳಿಯಲ್ಲಿ ಹಾರಾಡುತ್ತಿದ್ದ ರಚ್ಚಿನ, ಅಂದರೆ ಹಿಂಡಿದ ಕಬ್ಬಿನ ಸಿಪ್ಪೆಯ, ದೂಳು. ಲ್ಯಾಪ್‌ಟಾಪಿನ ಫ್ಯಾನು ಬಿಚ್ಚಿದರೆ ಒಳಗೆ ಕಂಬಳಿಯ ಹಾಗೆ ರಚ್ಚು ಮೆತ್ತಿಕೊಂಡಿತ್ತು. ಗಾಳಿಯಾಡದೆ ಪ್ರೊಸೆಸರು ಕಾಯುತ್ತಿತ್ತು, ಕಾದಾಗ ತಾನು ಸುಟ್ಟುಹೋಗದಿರಲಿ ಎಂದು ತಾನೇ ವೇಗ ಇಳಿಸಿಕೊಳ್ಳುತ್ತಿತ್ತು. ಡಿಸ್ಕಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಬೋರೇಗೌಡರು ನೋಡಿ, "ಅಲ್ಲ ಕಣಮ್ಮ, ಒಸ ಎತ್ತು ಕಟ್ಬುಟ್ಟು ಚಕ್ರುಕ್ಕೆ ಎಣ್ಣೇನೇ ಬುಡ್ದಂಗೆ ಮಾಡ್ದಲ್ಲ ನೀನು" ಎಂದರು. ಬೈದು ಮುಗಿಸಿ ಎರಡು ಅಚ್ಚು ಬೆಲ್ಲ ಕಟ್ಟಿಕೊಟ್ಟರು. ಇಡೀ ಯಂತ್ರವನ್ನು ನೋಡದೆ ಒಂದು ಭಾಗ ಬದಲಾಯಿಸಬಾರದು ಎಂಬುದನ್ನು ನಾನು ಅಂದೇ ಕಲಿಯಬೇಕಿತ್ತು. ನಾನು ಕಲಿತದ್ದು ಫ್ಯಾನು ಒರೆಸುವುದನ್ನು ಮಾತ್ರ.

ಭಾಗ್ಯ ಬಂದದ್ದು ಇದಾದ ಮರು ವರ್ಷ, ಒಂದು ಮಂಗಳವಾರ. ಮಳವಳ್ಳಿ ಹತ್ತಿರದ ಹಳ್ಳಿಯವಳು, ಇಪ್ಪತ್ತಾರು ವರ್ಷ. ಹುಟ್ಟಿನಿಂದ ಕಣ್ಣಿಲ್ಲ. ಬಸ್ಸಿಳಿದು, ದಾರಿ ಕೇಳಿಕೊಂಡು, ಕೋಲು ತಟ್ಟುತ್ತ ಒಬ್ಬಳೇ ಮಹಡಿ ಹತ್ತಿ ಬಂದಳು. ಬ್ಯಾಗಿನಿಂದ ಲ್ಯಾಪ್‌ಟಾಪು ತೆಗೆದು ಮೇಜಿನ ಮೇಲಿಟ್ಟು, "ಅಕ್ಕ, ಸೋಮ್ವಾರದೊಳ್ಗೆ ಇದು ಬೇಗ ಮಾತಾಡಂಗೆ ಮಾಡ್ಕೊಡ್ಬೇಕು" ಎಂದಳು.

ಅವಳ ಲ್ಯಾಪ್‌ಟಾಪಿನಲ್ಲಿ ಪರದೆಯ ಮೇಲಿರುವುದನ್ನೆಲ್ಲ ಓದಿ ಹೇಳುವ ತಂತ್ರಾಂಶ ಇತ್ತು. ಒಂದು ಕೀ ಒತ್ತಿದರೆ ಆ ಅಕ್ಷರವನ್ನು ಅದು ಕಿವಿಯಲ್ಲಿ ಹೇಳಬೇಕು. ಆಗಲೇ ಅವಳಿಗೆ ಏನು ಟೈಪಾಯಿತು ಎಂದು ತಿಳಿಯುವುದು. ಆದರೆ ಲ್ಯಾಪ್‌ಟಾಪು ಹಳೆಯದಾಗಿ, ಅವಳು ನಾಲ್ಕನೇ ಅಕ್ಷರ ಒತ್ತುವಾಗ ಅದು ಮೊದಲನೆಯದನ್ನು ಹೇಳುತ್ತಿತ್ತು. ಮಂಡ್ಯದ ಒಂದು ಕಚೇರಿಯಲ್ಲಿ ಸಭೆಗಳ ಧ್ವನಿಮುದ್ರಿಕೆ ಕೇಳಿ ಟೈಪ್ ಮಾಡುವವರು ಬೇಕಾಗಿದ್ದರು. ಅಲ್ಲಿನ ಮೇಡಮ್ಮು ಇವಳಿಗೆ ಒಂದು ವಾರ ಅವಕಾಶ ಕೊಟ್ಟಿದ್ದರು. ಸೋಮವಾರದಿಂದ ಶನಿವಾರದವರೆಗೆ ಸ್ವಂತ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡಿ ತೋರಿಸಬೇಕು, ಉಳಿದವರ ಸಮಕ್ಕೆ ಬಂದರೆ ಕೆಲಸ ಕೊಡುತ್ತೇವೆ, ಇಲ್ಲವಾದರೆ ಇಲ್ಲ.

"ಒಸ್ದು ತಕ್ಕೊಬಾರ್ದೇನವ್ವ?" ಎಂದೆ.

"ನಮ್ಮಣ್ಣ ಕೊಡುಸ್ತೀನಿ ಅಂದ, ಅಂಗ್ಡೀಲಿ ಮುಟ್ನೋಡ್ದೆ. ಅದ್ರ ಕೀಗಳೆಲ್ಲ ಚಪ್ಪಟೆ ಅಕ್ಕ. ಒಂದಕ್ಕೊಂದು ಎಡೇನೇ ಸಿಕ್ಕಲ್ಲ. ಕಲಿಯಕ್ಕೆ ಎರಡು ತಿಂಗ್ಳಾದ್ರೂ ಬೇಕು. ಇದು ಒಂಬತ್ತು ವರ್ಷದಿಂದ ನನ್ ಬೆರಳಿಗೆ ಗೊತ್ತು" ಎಂದಳು. ಕೆಲವು ಕೀಗಳ ಮೇಲೆ ಉಗುರು ಬಣ್ಣದಿಂದ ಉಬ್ಬುಚುಕ್ಕಿ ಇಟ್ಟುಕೊಂಡಿದ್ದಳು, ಅವು ಸವೆದು ನುಣ್ಣಗಾಗಿದ್ದವು.

ನಾನು ಎಂದಿನಂತೆ ನನ್ನ ಔಷಧಿ ಹೇಳಿದೆ. "ಎಸ್‌ಎಸ್‌ಡಿ ಹಾಕ್ತೀನಿ. ಐನೂರೈವತ್ತು ಸ್ಪೀಡು. ನಿನ್ ಬೆರಳಿಗಿಂತ ಮುಂಚೆ ಮಾತಾಡ್ತದೆ, ನೋಡ್ತಿರು." ಅವಳು ನಂಬಿದಳು. "ನನ್ ಫೈಲೆಲ್ಲ ಇದ್ದಂಗೇ ಇರ್ಲಿ ಅಕ್ಕ" ಎಂದಷ್ಟೇ ಕೇಳಿಕೊಂಡು ಮಳವಳ್ಳಿ ಬಸ್ಸು ಹತ್ತಿದಳು.

ಇಲ್ಲಿಂದ ನನ್ನ ದಡ್ಡತನ ಶುರು. ಅವಳ ಹಳೆಯ ಹಾರ್ಡ್ ಡಿಸ್ಕು ಇನ್ನೂ ಕೆಲಸ ಮಾಡುತ್ತಿತ್ತು. ಕೆಲಸ ಮಾಡುವುದನ್ನು ಕೀಳಬಾರದು ಎಂಬ ಕಟ್ಟಳೆ ನನ್ನ ಕೈಯಲ್ಲಿ ಕೂತಿತ್ತಲ್ಲ, ಎಲ್ಲ ಗಿರಾಕಿಗಳಿಗೂ ಮಾಡುತ್ತಿದ್ದ ಹಾಗೆ ಡಿಸ್ಕನ್ನು ಅದರ ಜಾಗದಲ್ಲೇ ಬಿಟ್ಟೆ. ಸಿ.ಡಿ. ಡ್ರೈವನ್ನು ಅವಳು ಬಳಸುತ್ತಿರಲಿಲ್ಲ. ಅದನ್ನು ತೆಗೆದು ಆ ಕಿಂಡಿಯಲ್ಲಿ ಹೊಸ ಎಸ್‌ಎಸ್‌ಡಿ ಕೂರಿಸಿದೆ. ಅಂಥದ್ದಕ್ಕೆಂದೇ ಒಂದು ಚೌಕಟ್ಟು ಸಿಗುತ್ತದೆ. ಎಲ್ಲ ಜೋಡಿಸಿ ವೇಗ ಅಳೆದರೆ ನೂರಮೂವತ್ತು. ಐನೂರೈವತ್ತು ಎಲ್ಲಿ, ನೂರಮೂವತ್ತು ಎಲ್ಲಿ.

ನಾನು ನೇರವಾಗಿ ಮಂಡ್ಯದ ಡೀಲರಿಗೆ ಫೋನು ಹಚ್ಚಿದೆ. ಡೂಪ್ಲಿಕೇಟ್ ಮಾಲು ಕೊಟ್ಟಿದ್ದೀರಿ ಎಂದು ಕೂಗಾಡಿದೆ. ಆತ ಪಾಪ, ಬುಧವಾರ ಮಧ್ಯಾಹ್ನವೇ ಬಸ್ಸಿನಲ್ಲಿ ಇನ್ನೊಂದು ಕಳಿಸಿದ. ಹಾಕಿ ನೋಡಿದರೆ ಅದೂ ನೂರಮೂವತ್ತೇ. ಮತ್ತೆ ಫೋನು ಮಾಡಿದೆ. ಈ ಸಲ ಆತ ಶಾಂತವಾಗಿ, "ಡಬ್ಬಿ ಮೇಲೆ ಇರೋದು ಡಿಸ್ಕಿನ ಸ್ಪೀಡು ಕಣಕ್ಕ. ನಿಮ್ ಲ್ಯಾಪ್‌ಟಾಪಿನ ವಯಸ್ಸೆಷ್ಟು ಅಂತ ನೋಡಿದ್ರಾ?" ಎಂದ. ನಾನು ಫೋನಿಟ್ಟೆ.

ಆತ ಹೇಳಿದ್ದು ಸರಿ. ಡಿಸ್ಕು ಎಷ್ಟೇ ಜೋರಾಗಿ ಓದಲಿ, ಅದು ಹೊರಗೆ ಬರುವುದು ಲ್ಯಾಪ್‌ಟಾಪಿನಲ್ಲಿ ಮೊದಲೇ ಇರುವ ಸಂಪರ್ಕದ ಮೂಲಕ. ಕೆರೆ ತುಂಬಾ ನೀರಿದ್ದರೂ ತೂಬಿನ ಅಳತೆಯಷ್ಟೇ ಕಾಲುವೆಗೆ ಬರುವುದು. ಒಂಬತ್ತು ವರ್ಷದ ಹಿಂದೆ ಆ ಲ್ಯಾಪ್‌ಟಾಪು ಮಾಡಿದವರು ಹಾರ್ಡ್ ಡಿಸ್ಕಿನ ಜಾಗಕ್ಕೆ ಒಂದು ಮಟ್ಟದ ಸಂಪರ್ಕ ಕೊಟ್ಟಿದ್ದರು, ಸಿ.ಡಿ. ಓದಲು ಇಷ್ಟು ಸಾಕು ಎಂದು ಆ ಕಿಂಡಿಗೆ ಅದಕ್ಕಿಂತ ಸಣ್ಣದನ್ನು ಕೊಟ್ಟಿದ್ದರು. ನಾನು ಹೊಸ ಡಿಸ್ಕನ್ನು ಆ ಸಣ್ಣ ತೂಬಿನ ಹಿಂದೆ ಕೂರಿಸಿದ್ದೆ.

ಗುರುವಾರ ಅದಲು ಬದಲು ಮಾಡಿದೆ. ಎಸ್‌ಎಸ್‌ಡಿ ಮುಖ್ಯ ಜಾಗಕ್ಕೆ ಬಂತು, ಹಳೆಯ ಹಾರ್ಡ್ ಡಿಸ್ಕು ಸಿ.ಡಿ. ಕಿಂಡಿಗೆ ಹೋಯಿತು. ಈಗ ಇನ್ನೂರ ಅರವತ್ತೈದು ಬಂತು. ಮೊದಲಿನ ಎರಡರಷ್ಟಾದರೂ ಡಬ್ಬಿಯ ಮೇಲಿನ ಅಂಕಿಯ ಅರ್ಧವೂ ಇಲ್ಲ. ಆ ಲ್ಯಾಪ್‌ಟಾಪಿನ ದೊಡ್ಡ ತೂಬೇ ಅಷ್ಟು. ಅದಕ್ಕಿಂತ ಮೇಲೆ ಯಾವ ಡಿಸ್ಕು ಹಾಕಿದರೂ ಹೋಗುವುದಿಲ್ಲ. ಮೆಮೊರಿಯೂ ಎರಡೇ ಜಿಬಿ. ಹೆಚ್ಚಿಸೋಣ ಎಂದರೆ ಎರಡನೇ ಜಾಗ ಕೆಟ್ಟಿತ್ತು. ಆ ಹುಡುಗಿಗೆ ನಾನು ಹೇಳಿದ್ದು ಸುಳ್ಳಾಯಿತು.

ಇನ್ನೊಂದು ಕೆಲಸವನ್ನೂ ಮಾಡಿದ್ದೆ, ಆಗ ಅದನ್ನು ತಪ್ಪು ಎಂದುಕೊಂಡಿರಲಿಲ್ಲ. ಮೆಮೊರಿ ಸಾಲದೆ ಹೋದಾಗ ಕಂಪ್ಯೂಟರು ಡಿಸ್ಕಿನ ಒಂದು ಮೂಲೆಯನ್ನೇ ಮೆಮೊರಿಯ ಹಾಗೆ ಬಳಸಿಕೊಳ್ಳುತ್ತದೆ. ಅಲ್ಲಿ ದಿನವಿಡೀ ಬರೆಯುವುದು, ಅಳಿಸುವುದು ನಡೆದೇ ಇರುತ್ತದೆ. ಎಸ್‌ಎಸ್‌ಡಿ ಬರೆದಷ್ಟೂ ಸವೆಯುತ್ತದೆ ಎಂಬ ಮಾತು ನಮ್ಮ ಕಸುಬಿನವರಲ್ಲಿ ಬಹಳ ಓಡಾಡುತ್ತಿತ್ತು. ಹಾಗಾಗಿ ನಾನು ಯಾವಾಗಲೂ ಆ ಮೂಲೆಯನ್ನು ಹಳೆಯ ಡಿಸ್ಕಿನಲ್ಲಿ ಇಟ್ಟು, ಹೊಸದು ಬಾಳಿಕೆ ಬರಲಿ ಎಂದು ಕಾಪಾಡುತ್ತಿದ್ದೆ.

ಇದು ನಮ್ಮ ಮನೆಗಳಿಂದ ಬಂದ ಬುದ್ಧಿ. ನನ್ನ ಮದುವೆಯಲ್ಲಿ ಅವ್ವ ಒಂದು ಡಜನ್ ಸ್ಟೀಲ್ ತಟ್ಟೆ ಕೊಟ್ಟಿದ್ದಳು, ಒಳ್ಳೇ ತೂಕದವು. ಅವು ಬಂದ ದಿನವೇ ಅಟ್ಟ ಹತ್ತಿದವು. ನೆಂಟರು ಬಂದಾಗ ಇಳಿಸಿ, ಅವರು ಹೋದ ಮೇಲೆ ತೊಳೆದು ಒರೆಸಿ ಮತ್ತೆ ಮೇಲಿಡುತ್ತಿದ್ದೆ. ನಾನೂ ನಮ್ಮ ಯಜಮಾನರೂ ಮೂವತ್ತು ವರ್ಷದಿಂದ ಮುದ್ದೆ ಉಣ್ಣುತ್ತಿದ್ದದ್ದು ಅಂಚು ನೆಗ್ಗಿದ ಎರಡು ತಟ್ಟೆಗಳಲ್ಲಿ. ನಮ್ಮ ಕಡೆ ಮುಕ್ಕಾಲು ಮನೆಗಳಲ್ಲಿ ಇದೇ ಕಥೆ.

ಶುಕ್ರವಾರ ಮಧ್ಯಾಹ್ನ ಭಾಗ್ಯ ಬಂದಳು. ನಾನು ಅಂಕಿಗಳನ್ನು ಒಪ್ಪಿಸಲು ಬಾಯಿ ತೆರೆಯುವಷ್ಟರಲ್ಲಿ ಅವಳು ಲ್ಯಾಪ್‌ಟಾಪು ಎಳೆದುಕೊಂಡು, ಕಿವಿಗೆ ಏನೂ ಹಾಕದೆ, ಎಲ್ಲರಿಗೂ ಕೇಳುವ ಹಾಗೆ ಟೈಪ್ ಮಾಡತೊಡಗಿದಳು. ಮೊದಲಿಗೆ ಅಕ್ಷರಗಳು ಬೆರಳಿನ ಹಿಂದೆಯೇ ಬಂದವು. ಅವಳ ಮುಖದಲ್ಲಿ ನಗು ಮೂಡಿತು. ಆಮೇಲೆ ಸ್ವಲ್ಪ ನಿಲ್ಲಿಸಿ ಮತ್ತೆ ಶುರು ಮಾಡಿದಳು. ಈಗ ಯಂತ್ರ ತೊದಲಿತು. ಮೂರು ಅಕ್ಷರ ನುಂಗಿಕೊಂಡು ಒಟ್ಟಿಗೆ ಕಕ್ಕಿತು. ಇನ್ನೊಮ್ಮೆ ನಿಲ್ಲಿಸಿ ಶುರು ಮಾಡಿದಾಗಲೂ ಹಾಗೇ ಆಯಿತು. ಅವಳ ನಗು ಹೋಯಿತು.

"ನಾನು ಒಂದ್ ಮಾತು ಕೇಳುಸ್ಕೊಬೇಕು, ನಿಲ್ಲುಸ್ಬೇಕು, ಟೈಪ್ ಮಾಡ್ಬೇಕು. ಕೆಲ್ಸ ಇರೋದೇ ಅಂಗೆ. ಪ್ರತಿ ಸಲ ಇಂಗೆ ಮಾಡುದ್ರೆ ಎಂಗಕ್ಕ?" ಎಂದಳು.

ನಾನು ಮತ್ತೆ ವೇಗ ಅಳೆದೆ. ಇನ್ನೂರ ಅರವತ್ತೈದು. ಅವಳಿಗೆ ಓದಿ ಹೇಳಿದೆ. "ಡಿಸ್ಕು ಸರಿಯಾಗೇ ಅದೆ ಕಣಮ್ಮ. ಇದಕ್ಕಿಂತ ಜಾಸ್ತಿ ನಿನ್ ಲ್ಯಾಪ್‌ಟಾಪ್ ತಡ್ಕೊಳಲ್ಲ. ಮಿಷನ್ನೇ ಅಳೇದು. ನಾನೇನ್ ಮಾಡ್ಲಿ?" ನನ್ನ ದನಿ ಸ್ವಲ್ಪ ಏರಿತ್ತು. ತಪ್ಪು ನನ್ನದು ಅನ್ನಿಸಿದಾಗಲೇ ನನ್ನ ದನಿ ಏರುವುದು. ಅದು ನನ್ನ ಹುಟ್ಟುಗುಣ.

ಅವಳು ನನ್ನ ದನಿಗೆ ಸೊಪ್ಪು ಹಾಕಲಿಲ್ಲ. "ಅಕ್ಕ, ಮೇಲಿನ ಫ್ಯಾನ್ ಆರ್ಸಿ. ಕಿಟ್ಕೀನೂ ಹಾಕಿ" ಎಂದಳು. ಆರಿಸಿದೆ, ಹಾಕಿದೆ. "ಈಗ ನೀವ್ ಬನ್ನಿ, ಕೂತ್ಕೊಳಿ. ಕಣ್ ಮುಚ್ಕೊಂಡು ಟೈಪ್ ಮಾಡಿ."

ಅವಳ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದೆ. ನಾಲ್ಕು ಅಕ್ಷರ ಒತ್ತಿದೆ, ಸರಿಯಾಗಿ ಹೇಳಿತು. "ನಿಲ್ಲುಸಿ. ಹತ್ತು ಎಣುಸಿ. ಈಗ ಒತ್ತಿ" ಎಂದಳು. ಒತ್ತಿದೆ. ಎಡಗೈಯ ಕೆಳಗೆ ಎಲ್ಲೋ ಟಿಕ್ ಎಂದಿತು. ಆಮೇಲೆ ಕರ್ರ್ ಎಂದು ಸಣ್ಣಗೆ ಕೆರೆದ ಸದ್ದು. ಅದು ಮುಗಿದ ಮೇಲೆ ಧ್ವನಿ ಬಂತು.

"ಕೇಳಿಸ್ತಾ? ಆ ಟಿಕ್ ಅನ್ನೋದು ಯಾವ್ದಕ್ಕ? ಅದು ಎದ್ದ ಮೇಲೇನೇ ಇದು ಮಾತಾಡೋದು."

ಆ ಸದ್ದು ಯಾವುದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹಳೆಯ ಹಾರ್ಡ್ ಡಿಸ್ಕು ಕೆಲವು ಸೆಕೆಂಡು ಕೆಲಸವಿಲ್ಲದಿದ್ದರೆ ತನ್ನ ಮುಳ್ಳನ್ನು ಬದಿಗಿಟ್ಟು ವಿಶ್ರಾಂತಿಗೆ ಹೋಗುತ್ತದೆ. ಮತ್ತೆ ಕರೆದಾಗ ಟಿಕ್ ಎಂದು ಎದ್ದು, ಮುಳ್ಳು ತಂದು, ಹುಡುಕಿ, ಆಮೇಲೆ ಕೊಡುತ್ತದೆ. ಅದನ್ನು ಒಳಗೇ ಉಳಿಸಿದವಳು ನಾನು. ಗಳಿಗೆಗಳಿಗೆಗೂ ಬೇಕಾಗುವ ಆ ಮೆಮೊರಿಯ ಮೂಲೆಯನ್ನು ಅದರಲ್ಲಿಟ್ಟವಳೂ ನಾನೇ. ಎಸ್‌ಎಸ್‌ಡಿ ಸುಮ್ಮನೆ ಕೂತು ಕಾಯುತ್ತಿತ್ತು, ಅವಳ ದಿನದ ಕೆಲಸವೆಲ್ಲ ಹಳೆಯ ಡಿಸ್ಕಿನ ತಲೆಯ ಮೇಲೆ ಬಿದ್ದಿತ್ತು. ಇನ್ನೂರೋ ಐನೂರೋ ಎಂದು ಮೂರು ದಿನ ನಾನು ಬಡಿದಾಡಿದ ಅಂಕಿಗೂ ಅವಳ ತೊಂದರೆಗೂ ಏನೂ ಸಂಬಂಧವಿರಲಿಲ್ಲ.

ರೇಡಿಯೊ ಆರಿಸಿ ಟಿವಿಗೆ ಕಿವಿಯಿಡುತ್ತಿದ್ದ ಚಿಕ್ಕಣ್ಣನವರು ನೆನಪಾದರು. ಅವರ ಕಟ್ಟಳೆಯನ್ನು ಹಿಡಿದುಕೊಂಡು ಅವರ ಕಿವಿಯನ್ನು ಬಿಟ್ಟುಬಿಟ್ಟಿದ್ದೆ. ನನಗೆ ನಿಜವಾಗಿ ನಾಚಿಕೆಯಾಯಿತು.

"ತಪ್ಪು ನಂದು ಭಾಗ್ಯ. ಒಂದು ಗಂಟೆ ಕೂತ್ಕೊ" ಎಂದೆ.

ಅವಳ ಫೈಲುಗಳನ್ನೆಲ್ಲ ಎಸ್‌ಎಸ್‌ಡಿಗೆ ತಂದೆ. ಮೆಮೊರಿಯ ಮೂಲೆಯನ್ನೂ ಅಲ್ಲಿಗೇ ತಂದೆ. ಸವೆದರೆ ಸವೆಯಲಿ ಎಂದುಕೊಂಡೆ. ಅಷ್ಟು ಸವೆಯುವ ಹೊತ್ತಿಗೆ ಈ ಲ್ಯಾಪ್‌ಟಾಪೇ ಇರುವುದಿಲ್ಲ ಎಂದು ಆಮೇಲೆ ಲೆಕ್ಕ ಹಾಕಿ ನೋಡಿದಾಗ ಗೊತ್ತಾಯಿತು. ಕೆಲಸ ಮಾಡುತ್ತಿದ್ದ ಆ ಹಳೆಯ ಡಿಸ್ಕನ್ನು ಕಿತ್ತೆ. ನನ್ನ ಅಂಗಡಿಯ ಜೀವಮಾನದಲ್ಲಿ ಗಿರಾಕಿ ಬಳಸುತ್ತಿದ್ದ, ಕೆಡದೆ ಇರುವ ಭಾಗವೊಂದನ್ನು ಕಿತ್ತದ್ದು ಅದೇ ಮೊದಲು. ಪೇಪರು ಸುತ್ತಿ, ದಾರ ಕಟ್ಟಿ ಅವಳ ಕೈಗಿಟ್ಟೆ. ಅವಳು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.

"ಈಗ ಸದ್ದು ಮಾಡಲ್ಲ ಅಲ್ವಾ?" ಎಂದಳು.

"ಇಲ್ಲ ಕಣವ್ವ. ಅದು ದುಡ್ದಿದ್ ಸಾಕು."

ಮತ್ತೆ ಟೈಪ್ ಮಾಡಿದಳು, ನಿಲ್ಲಿಸಿದಳು, ಹತ್ತು ಎಣಿಸಿ ಮಾಡಿದಳು, ನೂರು ಎಣಿಸಿ ಮಾಡಿದಳು. ಬೆರಳು ಮತ್ತು ಧ್ವನಿ ಒಟ್ಟಿಗೇ ಬಿದ್ದವು. ಕೀಗಳ ಮೇಲೆ ಒಂದು ಸಲ ಅಂಗೈ ಸವರಿದಳು.

ನಾನು ಈ ಸಲ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಡಬ್ಬಿಯ ಮೇಲಿನ ವೇಗದ ಅರ್ಧವೂ ಇದರಲ್ಲಿ ಬರುವುದಿಲ್ಲ, ಪ್ರೊಸೆಸರು ಹಳೆಯದೇ, ದೊಡ್ಡ ಫೈಲು ತೆರೆಯಲು ತಡವಾಗುತ್ತದೆ, ಹೆಚ್ಚೆಂದರೆ ಎರಡು ಮೂರು ವರ್ಷ ಬರಬಹುದು ಎಂದೆ.

"ನನ್ ಬೆರಳಿಗಿಂತ ಮುಂದೆ ಓಡ್ಬುಟ್ಟು ಅದೇನ್ ಮಾಡ್ಬೇಕಕ್ಕ?" ಎಂದಳು ಭಾಗ್ಯ. "ಎರಡು ವರ್ಷ ಸಾಕು. ಅಷ್ಟ್ರೊಳ್ಗೆ ಚಪ್ಪಟೆ ಕೀನೂ ಕಲ್ತ್ಕತೀನಿ."

ಸೋಮವಾರ ಅವಳು ಮಂಡ್ಯಕ್ಕೆ ಹೋದಳು. ಫೋನು ಬರಲಿಲ್ಲ. ಮಂಗಳವಾರ ಬರಲಿಲ್ಲ, ಬುಧವಾರ ಬರಲಿಲ್ಲ. ನಾನಾಗಿ ಮಾಡಿದರೆ ಕೆಲಸದ ನಡುವೆ ತೊಂದರೆಯಾದೀತು ಎಂದು ಸುಮ್ಮನಿದ್ದೆ. ಆದರೆ ಬೇರೆ ಯಾರ ಲ್ಯಾಪ್‌ಟಾಪು ಬಿಚ್ಚಿದರೂ ಕಿವಿಯಲ್ಲಿ ಟಿಕ್ ಎನ್ನುತ್ತಿತ್ತು. ನಮ್ಮ ಯಜಮಾನರು ಕರೆಂಟಿನ ಇಲಾಖೆಯಲ್ಲಿ ಲೈನ್‌ಮ್ಯಾನ್ ಆಗಿದ್ದವರು, ನನಗಿಂತ ಮೊದಲೇ ನಿವೃತ್ತರು, ಮಾತು ಕಡಿಮೆ. ಗುರುವಾರ ಊಟಕ್ಕೆ ಕೂತಾಗ ಅವರೇ, "ಆ ಮಗೀದ್ ಏನಾಯ್ತು?" ಎಂದು ಕೇಳಿದರು. ಗೊತ್ತಿಲ್ಲ ಎಂದೆ.

ಶನಿವಾರ ನಾಲ್ಕು ಗಂಟೆಗೆ ಫೋನು ಬಂತು.

"ಅಕ್ಕ, ನಾನು ಭಾಗ್ಯ. ಅಂಗ್ಡೀಲಿ ಯಾರಾದ್ರೂ ಅವ್ರಾ?"

"ಇಲ್ಲ, ಯೋಳು."

"ಫ್ಯಾನ್ ಆರ್ಸಿ."

ಆರಿಸಿದೆ. ಅವಳು ಫೋನನ್ನು ಲ್ಯಾಪ್‌ಟಾಪಿನ ಪಕ್ಕ ಇಟ್ಟದ್ದು ತಿಳಿಯಿತು. ನಾನು ಕಣ್ಣು ಮುಚ್ಚಿಕೊಂಡೆ. ಕೀ ಒತ್ತಿದ ಸದ್ದು, ಅದರ ಜೊತೆಗೇ ಯಂತ್ರದ ದನಿ. ಕೆ. ಲ. ಸ. ಆಮೇಲೆ ಮೂರೂ ಸೇರಿಸಿ, ಕೆಲಸ. ಅಲ್ಲಿಗೆ ನಿಲ್ಲಿಸಿದಳು. ಬೇಕೆಂದೇ ನಿಲ್ಲಿಸಿದಳು, ಅವಳು ಮನಸ್ಸಿನಲ್ಲಿ ಹತ್ತು ಎಣಿಸುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು, ನಾನೂ ಎಣಿಸಿದೆ. ಹತ್ತಾಯಿತು. ಟಿಕ್ ಇಲ್ಲ, ಕರ್ರ್ ಇಲ್ಲ. ಬೆರಳಿನ ಜೊತೆಗೇ ಉಳಿದ ಅಕ್ಷರಗಳೂ ಬಂದವು. ಆಮೇಲೆ ಯಂತ್ರ ಎರಡನೇ ಪದವನ್ನು ಸೇರಿಸಿ ಓದಿತು: ಸಿಕ್ಕಿತು.

ನನಗೆ ಅಳು ಬಂತು. ಯಾರೂ ಇರಲಿಲ್ಲವಾದ್ದರಿಂದ ಅತ್ತೆ.

ಅವತ್ತು ಸಂಜೆ ಬೇಗ ಅಂಗಡಿ ಹಾಕಿ ಮನೆಗೆ ಹೋದೆ. ಏಣಿ ಹಾಕಿ ಅಟ್ಟ ಹತ್ತಿ, ಹಳೇ ಸೀರೆಯಲ್ಲಿ ಸುತ್ತಿಟ್ಟಿದ್ದ ಅವ್ವನ ತಟ್ಟೆಗಳನ್ನು ಇಳಿಸಿದೆ. ಎರಡನ್ನು ತೊಳೆದು, ಮುದ್ದೆ ಇಟ್ಟು, ಬಸ್ಸಾರು ಬಿಟ್ಟೆ. ನೆಗ್ಗಿದ ತಟ್ಟೆಗಳನ್ನು ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ ಪಕ್ಕಕ್ಕಿಟ್ಟೆ. ನಮ್ಮ ಯಜಮಾನರು ಕೈ ತೊಳೆದುಕೊಂಡು ಬಂದವರು ಹೊಸ ತಟ್ಟೆ ನೋಡಿ ನಿಂತರು. ಬಾಗಿಲ ಕಡೆ ತಿರುಗಿ ನೋಡಿದರು.

"ಯಾರ್ ಬತ್ತಾವ್ರೆ?" ಎಂದರು.

"ಯಾರೂ ಇಲ್ಲ. ನಾವೇ ಉಣ್ಣೋದು, ಕೂತ್ಕಳಿ" ಎಂದೆ.